ಟ್ರೋಜನ್‌ಗೂ ಬೆಳಗಾಗಬೇಕು

ಕಂಪ್ಯೂಟರ್ ಆಫ್ ಮಾಡಿದ ಕೂಡಲೇ ಅದರೊಳಗಿದ್ದ ಟ್ರೋಜನ್, ಅಂದರೆ ಒಳ್ಳೆಯ ಫೈಲಿನ ವೇಷದಲ್ಲಿ ನುಸುಳುವ ಕಳ್ಳ ಪ್ರೋಗ್ರಾಂ ಕೂಡ ನಿಂತುಹೋಗುತ್ತದೆ. ಎಷ್ಟೇ ಚಾಲಾಕಿಯಾಗಿದ್ದರೂ ಅದೊಂದು ಪ್ರೋಗ್ರಾಂ ಅಷ್ಟೇ. ಮತ್ತೆ ಆನ್ ಮಾಡಿದಾಗ ಯಾರಾದರೂ ಅದನ್ನು ಎಬ್ಬಿಸಬೇಕು. ಮೊದಲ ಸಲ ಎಬ್ಬಿಸುವವರು ಸಾಮಾನ್ಯವಾಗಿ ನಾವೇ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಎಂದೋ, ಮೇಲ್‌ನಲ್ಲಿ ಬಂದ ಬಿಲ್ ಎಂದೋ ನಂಬಿ ಡಬಲ್ ಕ್ಲಿಕ್ ಮಾಡಿರುತ್ತೇವೆ. ಎರಡನೇ ಸಲಕ್ಕೂ ನಮ್ಮನ್ನೇ ನಂಬಿ ಕೂತರೆ ಅದಕ್ಕೆ ಆಗುತ್ತದೆಯೇ? ಹಾಗಾಗಿ ವಿಂಡೋಸ್ ಶುರುವಾಗುವಾಗ ತಾನೂ ಶುರುವಾಗುವಂತೆ ಎಲ್ಲೋ ಒಂದು ಕಡೆ ಬರೆದಿಟ್ಟಿರುತ್ತದೆ. ಟ್ರೋಜನ್ ಹುಡುಕುವವರು ಮೊದಲು ನೋಡಬೇಕಾದ್ದು ಅಲ್ಲಿ.

ಇದು ಹಳೆಯ ಉಪಾಯ. 1989ರಲ್ಲಿ ಏಡ್ಸ್ ಕಾಯಿಲೆಯ ಮಾಹಿತಿ ಎಂಬ ಹೆಸರಿನಲ್ಲಿ ಸುಮಾರು 20,000 ಫ್ಲಾಪಿಗಳು ಅಂಚೆಯಲ್ಲಿ ಬೇರೆ ಬೇರೆ ದೇಶಗಳಿಗೆ ಹೋದವು. ಅದರಲ್ಲಿದ್ದ ಪ್ರೋಗ್ರಾಂ ಕಂಪ್ಯೂಟರ್ ಶುರುವಾದಾಗ ಓಡುವ ಆಟೋಎಕ್ಸೆಕ್ ಫೈಲನ್ನು ಬದಲಿಸಿ, ಎಷ್ಟು ಸಲ ಬೂಟ್ ಆಯಿತೆಂದು ಸುಮ್ಮನೆ ಎಣಿಸುತ್ತಾ ಕೂರುತ್ತಿತ್ತು. ಎಣಿಕೆ 90ರ ಹತ್ತಿರ ಬಂದಾಗ ಫೋಲ್ಡರ್‌ಗಳು ಮಾಯ, ಫೈಲುಗಳ ಹೆಸರು ಅಸ್ತವ್ಯಸ್ತ. ಸರಿಮಾಡಿಸಬೇಕಾದರೆ ಪನಾಮಾದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಿ ಎಂಬ ಬೇಡಿಕೆ. ಅದು ಕೆಡಿಸಿದ್ದು ಹೆಸರುಗಳನ್ನು ಮಾತ್ರ, ಒಳಗಿನ ವಿಷಯ ಹಾಗೇ ಇತ್ತು. ಆದ್ದರಿಂದ ತಿಳಿದವರು ಬಿಡಿಸುವ ಪ್ರೋಗ್ರಾಂ ಬರೆದರು.

ಇವತ್ತಿನ ವಿಂಡೋಸ್‌ನಲ್ಲಿ ಹೀಗೆ ಬರೆದಿಡುವ ಜಾಗಗಳು ಬಹಳ. ಸ್ಟಾರ್ಟ್‌ಅಪ್ ಫೋಲ್ಡರ್, ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ರನ್ ಕೀಗಳು, ಹಿನ್ನೆಲೆಯಲ್ಲಿ ಓಡುವ ಸರ್ವೀಸ್‌ಗಳು, ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಟಾಸ್ಕ್ ಶೆಡ್ಯೂಲರ್, ಇನ್ನೂ ಏನೇನೋ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪುಟ ಇವುಗಳಲ್ಲಿ ಕೆಲವನ್ನಷ್ಟೇ ತೋರಿಸುತ್ತದೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಆಟೋರನ್ಸ್ ಎಂಬ ಪ್ರೋಗ್ರಾಂ ಹೆಚ್ಚುಕಡಿಮೆ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹಾಕುತ್ತದೆ. ಮೊದಲ ಸಲ ನೋಡಿದರೆ ತಲೆ ತಿರುಗುತ್ತದೆ. ಡಿಜಿಟಲ್ ಸಹಿ (ಯಾರು ತಯಾರಿಸಿದ್ದೆಂದು ತೋರಿಸುವ ಗುರುತು) ಪರೀಕ್ಷಿಸುವ ಆಯ್ಕೆ ಹಾಕಿ, ಮೈಕ್ರೋಸಾಫ್ಟ್‌ನದೇ ಸಾಲುಗಳನ್ನು ಮರೆಮಾಡಿದರೆ ಪಟ್ಟಿ ಸಾಕಷ್ಟು ಸಣ್ಣದಾಗುತ್ತದೆ. ಉಳಿದವುಗಳಲ್ಲಿ ಸಹಿ ಇಲ್ಲದ್ದು, ಟೆಂಪ್ ಅಥವಾ ಆಪ್‌ಡೇಟಾ ಫೋಲ್ಡರ್‌ನಿಂದ ಓಡುವುದು, ಅಕ್ಷರಗಳನ್ನು ಕಲಸಿ ಚೆಲ್ಲಿದಂಥ ಹೆಸರಿನದು ಕಂಡರೆ ಅನುಮಾನ ಪಡಬೇಕು. ಅನುಮಾನ ಅಷ್ಟೇ, ತೀರ್ಪಲ್ಲ. ಒಳ್ಳೆಯ ಸಾಫ್ಟ್‌ವೇರ್‌ಗಳೂ ಆಪ್‌ಡೇಟಾದಲ್ಲಿ ಇರುತ್ತವೆ, ಕದ್ದ ಸಹಿ ಇರುವ ಟ್ರೋಜನ್‌ಗಳೂ ಇವೆ.

ಹೆಸರಿಗೆ ಮಾತ್ರ ಮೋಸ ಹೋಗಬಾರದು. ಎಸ್‌ವಿಸಿಹೋಸ್ಟ್ ಎಂಬುದು ವಿಂಡೋಸ್‌ನದೇ ಪ್ರೋಗ್ರಾಂ, ಒಂದೇ ಹೊತ್ತಿಗೆ ಹತ್ತಾರು ಪ್ರತಿಗಳು ಓಡುತ್ತಿರುತ್ತವೆ. ಆ ಗುಂಪಿನಲ್ಲಿ ಅದೇ ಹೆಸರಿಟ್ಟುಕೊಂಡು ಸೇರಿಬಿಡುವುದು ಟ್ರೋಜನ್‌ಗೆ ಸುಲಭ. ಆದರೆ ಅಸಲಿ ಇರುವುದು ವಿಂಡೋಸ್ ಫೋಲ್ಡರ್‌ನ ಸಿಸ್ಟಂ32 ಒಳಗೆ. ಅದೇ ಹೆಸರು ಡೌನ್‌ಲೋಡ್ಸ್‌ನಲ್ಲಿ ಕಂಡರೆ ಏನೋ ಗೋಲ್ಮಾಲ್ ಇದೆ ಎಂದೇ ಅರ್ಥ. ಫೈಲಿನ ಬಾಲವನ್ನು, ಅಂದರೆ ಎಕ್ಸ್‌ಟೆನ್ಷನ್ ಅನ್ನು, ವಿಂಡೋಸ್ ತಾನಾಗಿಯೇ ಬಚ್ಚಿಡುವುದೂ ಕಳ್ಳನಿಗೆ ಅನುಕೂಲ. ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಎಂಬ ಫೈಲು ನಿಜವಾಗಿ ಪ್ರೋಗ್ರಾಂ ಆಗಿದ್ದರೂ ನಮಗೆ ಪಿಡಿಎಫ್ ಆಗಿ ಕಾಣುತ್ತದೆ. ಈ ಸೆಟ್ಟಿಂಗನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೋ!

ಅನುಮಾನದ ಫೈಲನ್ನು ವೈರಸ್‌ಟೋಟಲ್ ಎಂಬ ವೆಬ್‌ಸೈಟಿಗೆ ಕೊಟ್ಟರೆ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ನಿಮ್ಮ ಖಾಸಗಿ ಕಾಗದಪತ್ರ ಮಾತ್ರ ಅಲ್ಲಿ ಹಾಕಬೇಡಿ. ಹಾಕಿದ ಫೈಲು ಬೇರೆಯವರ ಕೈಗೂ ಸಿಗಬಹುದು.

ತೆಗೆಯುವಾಗ ಮೊದಲ ಕೆಲಸ ಇಂಟರ್ನೆಟ್ ಕತ್ತರಿಸುವುದು. ಓಡುತ್ತಿರುವ ಪ್ರೋಗ್ರಾಂನ ಫೈಲನ್ನು ಅಳಿಸಲು ವಿಂಡೋಸ್ ಬಿಡಲ್ಲ. ಕೆಲವು ಟ್ರೋಜನ್‌ಗಳು ಜೋಡಿಯಾಗಿ ಓಡುತ್ತವೆ, ಒಂದನ್ನು ನಿಲ್ಲಿಸಿದರೆ ಇನ್ನೊಂದು ಅದನ್ನು ಎಬ್ಬಿಸುತ್ತದೆ. ಇನ್ನು ಕೆಲವು ಆಂಟಿವೈರಸ್ಸಿನ ಕಣ್ಣಿಗೇ ಮಣ್ಣೆರಚುತ್ತವೆ. ಇಲ್ಲಿ ಸಹಾಯಕ್ಕೆ ಬರುವುದು ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್. ಇದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಮಾಮೂಲಿ ವಿಂಡೋಸ್ ಏಳುವ ಮೊದಲೇ ಡಿಸ್ಕನ್ನು ಜಾಲಾಡುತ್ತದೆ. ಸುಮಾರು 15 ನಿಮಿಷದ ಕೆಲಸ. ವಿಂಡೋಸ್ ಎದ್ದಿಲ್ಲ ಅಂದಮೇಲೆ ಅದರ ಬೆನ್ನು ಹಿಡಿದು ಏಳುವ ಟ್ರೋಜನ್ ಕೂಡ ಎದ್ದಿರಲ್ಲ. ಅಡಗಿಕೊಳ್ಳುವುದಕ್ಕೂ ಅದು ಮೊದಲು ಓಡುತ್ತಿರಬೇಕಲ್ವಾ?

ಇಷ್ಟಾದರೂ ಒಂದು ಜಾತಿ ಕೈಗೆ ಸಿಗುವುದಿಲ್ಲ. ಮಾಹಿತಿ ಕದಿಯುವ ಟ್ರೋಜನ್‌ಗಳಲ್ಲಿ ಕೆಲವು ಮತ್ತೆ ಏಳುವ ತಂಟೆಗೇ ಹೋಗಲ್ಲ. ಒಂದೇ ಸಲ ಓಡಿ, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಕುಕ್ಕಿಗಳನ್ನೂ ಬಾಚಿಕೊಂಡು ಕಳಿಸಿ, ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಸ್ಕ್ಯಾನ್ ಮಾಡಿದರೆ ಏನೂ ಇಲ್ಲ ಎಂದೇ ಬರುತ್ತದೆ. ಈ ಕುಕ್ಕಿಗಳ ವಿಷಯ ಹೆಚ್ಚಿನವರಿಗೆ ಗೊತ್ತಿರಲ್ಲ. ನೀವು ಒಮ್ಮೆ ಲಾಗಿನ್ ಆದ ಮೇಲೆ ವೆಬ್‌ಸೈಟು ನಿಮ್ಮನ್ನು ಗುರುತು ಹಿಡಿಯುವುದು ಕುಕ್ಕಿಯಿಂದ. ಅದು ಕಳ್ಳನ ಕೈ ಸೇರಿದರೆ ಎಷ್ಟೋ ಕಡೆ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

ಹಾಗಾಗಿ ಪಾಸ್‌ವರ್ಡ್‌ಗಳನ್ನು ಬೇರೆ, ಶುದ್ಧವಾದ ಸಾಧನದಿಂದ ಬದಲಿಸಬೇಕು, ಮೊದಲು ಇಮೇಲ್‌ನದು, ಆಮೇಲೆ ಬ್ಯಾಂಕಿನದು. ಅದೇ ಕಂಪ್ಯೂಟರಿನಲ್ಲಿ ಬದಲಿಸಿದರೆ ಹೊಸದನ್ನೂ ಅವನಿಗೆ ಕೊಟ್ಟಂತೆ. ಜೊತೆಗೆ ಪ್ರತಿ ಖಾತೆಯಲ್ಲೂ ಎಲ್ಲ ಸಾಧನಗಳಿಂದ ಲಾಗ್‌ಔಟ್ ಒತ್ತಬೇಕು, ಆಗಲೇ ಹಳೆಯ ಕುಕ್ಕಿಗಳು ಕೆಲಸಕ್ಕೆ ಬಾರದಂತಾಗುವುದು. ಬ್ಯಾಂಕಿನ ಕೆಲಸಕ್ಕೆ ಬಳಸುವ ಕಂಪ್ಯೂಟರ್ ಆಗಿದ್ದರೆ ನಾನಂತೂ ಸ್ಕ್ಯಾನ್‌ಗೆ ನಿಲ್ಲಿಸದೆ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕುತ್ತೇನೆ. ಬ್ಯಾಕಪ್‌ನಿಂದ ಫೋಟೋ, ಕಾಗದಪತ್ರ ವಾಪಸ್ ತರಬಹುದು. ಸೆಟಪ್ ಫೈಲುಗಳನ್ನು ಮಾತ್ರ ಅದನ್ನು ತಯಾರಿಸಿದವರ ವೆಬ್‌ಸೈಟಿನಿಂದಲೇ ಮತ್ತೆ ಇಳಿಸಿಕೊಳ್ಳಬೇಕು.