ಹಳೆಯ ಮ್ಯಾಸ್ಸಿ: ಎಂಜಿನ್ ಬಿಚ್ಚುವ ಮುನ್ನ

ದಶಕಗಟ್ಟಲೆ ದುಡಿದ ಮ್ಯಾಸ್ಸಿ ಫರ್ಗ್ಯುಸನ್ ಟ್ರ್ಯಾಕ್ಟರು ಒಂದು ಬೆಳಿಗ್ಗೆ ಸ್ಟಾರ್ಟ್ ಆಗದೆ ಹೋದರೆ, ಅಥವಾ ಉಳುಮೆಯ ನಡುವೆ ಸೋತು ನಿಂತರೆ, ಊರಿನಲ್ಲಿ ಮೊದಲು ಕೇಳಿಬರುವ ಮಾತು ‘ಬೋರು ಹೋಗಿದೆ’, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ ಸವೆದಿದೆ, ಎಂಬುದು. ಆ ಮಾತನ್ನು ನಂಬಿ ಮುಂಗಾರಿನ ಹೊತ್ತಿನಲ್ಲಿ ಎಂಜಿನ್ ಬಿಚ್ಚಿಸಿದ ರೈತ ಹಣ ಕಳೆದುಕೊಳ್ಳುವುದಷ್ಟೇ ಅಲ್ಲ, ಭೂಮಿಯ ಹದವನ್ನೂ ಕಳೆದುಕೊಳ್ಳುತ್ತಾನೆ. ನನ್ನ ಕೈಗೆ ಬರುವ ಹಳೆಯ ಗಾಡಿಗಳಲ್ಲಿ ಹೆಚ್ಚಿನವುಗಳ ದೋಷ ಇರುವುದು ಟ್ಯಾಂಕಿನಿಂದ, ಸಿಲಿಂಡರಿನೊಳಗೆ ಇಂಧನ ಸಿಂಪಡಿಸುವ ನಾಜಲ್‌ವರೆಗೆ ಡೀಸೆಲ್ ಹರಿಯುವ ದಾರಿಯಲ್ಲಿ. ಆ ದಾರಿಯನ್ನು ಮೊದಲು ನೋಡಬೇಕು ಎಂಬುದಕ್ಕಾಗಿಯೇ ಈ ಬರಹ.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1957ರಲ್ಲಿ ಮ್ಯಾಸ್ಸಿ 35 ತಯಾರಾಗತೊಡಗಿದಾಗ ಅದರ ಡೀಸೆಲ್ ಮಾದರಿಗೆ ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್ ಇತ್ತು. ಚಳಿಯಲ್ಲಿ ಸ್ಟಾರ್ಟ್ ಆಗಲು ಅದು ಬಹಳ ಸತಾಯಿಸುತ್ತಿದ್ದುದರಿಂದ ಕೆಲವೇ ವರ್ಷಗಳಲ್ಲಿ ಅದರ ಜಾಗಕ್ಕೆ ಪರ್ಕಿನ್ಸ್‌ನ ಮೂರು ಸಿಲಿಂಡರಿನ ಎ3.152 ಬಂದಿತು. ಚೆನ್ನೈನ ಟಾಫೆ ಕಂಪನಿಯ ಮೂಲಕ ನಮ್ಮ ಹೊಲಗಳಿಗೆ ಬಂದ ಹಳೆಯ ಮ್ಯಾಸ್ಸಿಗಳ ಎಂಜಿನ್‌ಗಳೂ ಇದೇ ಮನೆತನದವು. 152 ಎಂದರೆ ಘನ ಇಂಚುಗಳ ಲೆಕ್ಕ, ಅಂದರೆ ಸುಮಾರು 2.5 ಲೀಟರ್. ಸಿಲಿಂಡರುಗಳು ಒಂದರ ಹಿಂದೊಂದು ಹೊತ್ತುವ ಫೈರಿಂಗ್ ಕ್ರಮ 1-2-3, ರೇಡಿಯೇಟರ್ ಕಡೆಯದು ಒಂದನೆಯ ಸಿಲಿಂಡರ್. ಸ್ಪಾರ್ಕ್ ಪ್ಲಗ್ ಇಲ್ಲದ ಈ ಎಂಜಿನ್‌ಗೆ ಬೇಕಾದದ್ದು ಸಾಕಷ್ಟು ಬಿಸಿಯಾಗುವಷ್ಟು ಒತ್ತಿದ ಗಾಳಿ ಮತ್ತು ಸರಿಯಾದ ಕ್ಷಣದಲ್ಲಿ ಮಂಜಿನಂತೆ ಸಿಡಿಯುವ ಡೀಸೆಲ್, ಇವೆರಡೇ.

ಮೊದಲು ಸೆಲ್ಫ್ (ಎಂಜಿನನ್ನು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟಾರು) ತಿರುಗುವ ವೇಗವನ್ನು ಗಮನಿಸಿ. ಎಂಜಿನ್ ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿಯ ಶಾಖ ಸಿಲಿಂಡರಿನ ಗೋಡೆಗೆ ಸೋರಿಹೋಗುತ್ತದೆ. ಆಗ ಬೋರು ಚೆನ್ನಾಗಿದ್ದರೂ ಡೀಸೆಲ್ ಹೊತ್ತಿಕೊಳ್ಳದೆ ಬಿಳಿ ಹೊಗೆ ಮಾತ್ರ ಬರುತ್ತದೆ. ಸೆಲ್ಫ್ ಒತ್ತಿದಾಗ 12 ವೋಲ್ಟಿನ ಬ್ಯಾಟರಿ 10ಕ್ಕಿಂತ ಬಹಳ ಕೆಳಗಿಳಿದರೆ ಮೊದಲು ಬ್ಯಾಟರಿಯನ್ನು ಪರೀಕ್ಷಿಸಬೇಕು, ಇಳಿಯದೆಯೂ ಎಂಜಿನ್ ಭಾರವಾಗಿ ತಿರುಗಿದರೆ ಅರ್ತಿಂಗ್ ವೈರಿನ ತುದಿಗಳನ್ನು ಉಜ್ಜಿ ನೋಡಬೇಕು. ನಾಜಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಇಂಜೆಕ್ಷನ್ ಪಂಪಿನ ಮೇಲಿನ ಸ್ಟಾಪ್ ಲಿವರ್ ಕೇಬಲ್ ತುಕ್ಕು ಹಿಡಿದು ‘ನಿಲ್ಲಿಸು’ ಸ್ಥಿತಿಯಲ್ಲೇ ಸಿಕ್ಕಿಕೊಂಡಿಲ್ಲವೇ ಎಂಬುದನ್ನೂ ಕೈಯಿಂದ ಮುಟ್ಟಿಯೇ ಖಚಿತಪಡಿಸಿಕೊಳ್ಳಿ.

ಸೆಲ್ಫ್ ಜೋರಾಗಿ ತಿರುಗಿದರೂ ಸೈಲೆನ್ಸರಿನಿಂದ ಹೊಗೆಯೇ ಬಾರದಿದ್ದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ ಎಂದರ್ಥ. ಇಲ್ಲಿ ನಿಧಾನವಾಗಿ, ಟ್ಯಾಂಕಿನಿಂದಲೇ ಆರಂಭಿಸಬೇಕು. ಫಿಲ್ಟರಿಗೆ ಹೋಗುವ ಪೈಪನ್ನು ಸಡಿಲಿಸಿ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪಿನ ಕೈಲಿವರನ್ನು ಒತ್ತಿದಾಗ ಡೀಸೆಲ್ ಪುಟಿದು ಬರಬೇಕು. ಲಿವರಿಗೆ ಬಿಗುವೇ ಸಿಗದೆ ಅದು ಸುಮ್ಮನೆ ಆಡಿದರೆ ಪಂಪ್ ಕೆಟ್ಟಿದೆ ಎಂದು ಹಲವರು ಕಳಚಿಬಿಡುತ್ತಾರೆ. ಆದರೆ ಕ್ಯಾಮ್ ಶಾಫ್ಟಿನ ಉಬ್ಬು ಆ ಕ್ಷಣದಲ್ಲಿ ಪಂಪಿನೊಳಗಿನ ಪೊರೆಯನ್ನು, ಅಂದರೆ ಡಯಾಫ್ರಮನ್ನು, ಪೂರ್ತಿ ಎಳೆದು ಹಿಡಿದಿದ್ದರೂ ಹಾಗೆಯೇ ಆಗುತ್ತದೆ. ಎಂಜಿನನ್ನು ಒಂದು ಸುತ್ತು ತಿರುಗಿಸಿದರೆ ಲಿವರಿಗೆ ಜೀವ ಬರುತ್ತದೆ.

ಏರ್ ತೆಗೆಯುವುದಕ್ಕೂ, ಅಂದರೆ ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕುವುದಕ್ಕೂ, ಒಂದು ಕ್ರಮವಿದೆ: ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ, ಬಳಿಕ ಸಿಎವಿ ಕಂಪನಿಯ ಇಂಜೆಕ್ಷನ್ ಪಂಪಿನ ಪಕ್ಕದ ಸ್ಕ್ರೂ, ಆಮೇಲೆ ಅದರ ಮೇಲ್ಭಾಗದ್ದು, ಕೊನೆಗೆ ನಾಜಲ್‌ಗಳ ಬಳಿಯ ನಟ್‌ಗಳು. ಎಕ್ಸಲೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಯುತ್ತಾ ನಾಜಲ್ ನಟ್‌ಗಳಲ್ಲಿ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕಾಯಬೇಕು. ನಾಜಲ್‌ನಿಂದ ಸಿಡಿಯುವ ಡೀಸೆಲಿಗೆ ಮಾತ್ರ ಎಂದಿಗೂ ಕೈ ಒಡ್ಡಬಾರದು. ಆ ಒತ್ತಡಕ್ಕೆ ಅದು ಚರ್ಮವನ್ನು ಸೀಳಿ ಒಳಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಏರ್ ತೆಗೆದ ಮೇಲೆ ಗಾಡಿ ಓಡಿ, ಮರುದಿನ ಮತ್ತೆ ಏರ್ ಹಿಡಿದರೆ, ಗಾಳಿ ಒಳಬರುವ ಕಿಂಡಿಯನ್ನು ಹುಡುಕಲೇಬೇಕು. ಈ ಟ್ರ್ಯಾಕ್ಟರಿನಲ್ಲಿ ಟ್ಯಾಂಕು ಎಂಜಿನ್ ಮೇಲೆಯೇ ಇರುವುದರಿಂದ, ನಿಂತಾಗ ಡೀಸೆಲ್ ಜಿನುಗುವ ಜಾಗವೇ ಓಡುವಾಗ ಗಾಳಿ ಎಳೆಯುವ ಜಾಗವಾಗಿರುತ್ತದೆ. ಟ್ಯಾಂಕಿನ ಟ್ಯಾಪಿನಲ್ಲಿ ಕಸ ಕಟ್ಟಿಕೊಂಡಿದ್ದರಂತೂ ಲಿಫ್ಟ್ ಪಂಪ್ ಬಲವಾಗಿ ಎಳೆಯುತ್ತದೆ, ಆಗ ಗಾಳಿಯೂ ಜೊತೆಗೆ ಬರುತ್ತದೆ. ಇಡೀ ಪೈಪಿನ ದಾರಿಯನ್ನು ಒಣ ಬಟ್ಟೆಯಿಂದ ಒರೆಸಿ ರಾತ್ರಿ ಬಿಟ್ಟು, ಬೆಳಿಗ್ಗೆ ಎಲ್ಲಿ ತೇವವಾಗಿದೆ ಎಂದು ನೋಡಿ. ಫಿಲ್ಟರ್ ಬಟ್ಟಲಿನ ಗಟ್ಟಿಯಾದ ರಬ್ಬರ್ ರಿಂಗು ಮತ್ತು ಮತ್ತೆ ಮತ್ತೆ ಬಳಸಿ ಚಪ್ಪಟೆಯಾದ ತಾಮ್ರದ ವಾಷರುಗಳು ಇದರ ಸಾಮಾನ್ಯ ಕಾರಣಗಳು. ಟ್ಯಾಂಕಿನ ದೋಷ ಹೌದೋ ಅಲ್ಲವೋ ತಿಳಿಯಲು ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಎತ್ತರದಲ್ಲಿ ಕಟ್ಟಿ, ಅದರಿಂದ ನೇರವಾಗಿ ಲಿಫ್ಟ್ ಪಂಪಿಗೆ ಪೈಪ್ ಕೊಡಿ. ಗಾಡಿ ಆಗ ಸಲೀಸಾಗಿ ಓಡಿದರೆ ಪಂಪು ನಾಜಲ್‌ಗಳ ಮೇಲೆ ಅನುಮಾನ ಪಡಬೇಕಾಗಿಲ್ಲ.

ಕಾಲು ಗಂಟೆ ಓಡಿ ನಿಂತು, ಸ್ವಲ್ಪ ಹೊತ್ತಿನ ನಂತರ ತಾನಾಗಿಯೇ ಸ್ಟಾರ್ಟ್ ಆಗುವ ಗಾಡಿಯ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ಓಡಿಸಿ ನೋಡಿ. ಮುಚ್ಚಳದ ಗಾಳಿರಂಧ್ರ ಧೂಳಿನಿಂದ ಮುಚ್ಚಿದ್ದರೆ ದೋಷ ಅಲ್ಲಿಗೇ ಮುಗಿಯಿತು. ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಏಳದ ಗಾಡಿಯ ಕಥೆ ಬೇರೆ. ಸಿಎವಿಯ ರೋಟರಿ ಪಂಪಿನ ಹೆಡ್ ಮತ್ತು ಅದರೊಳಗೆ ತಿರುಗುತ್ತಾ ಡೀಸೆಲ್ ಹಂಚುವ ರೋಟರ್ ಸವೆದಾಗ, ಬಿಸಿಗೆ ತೆಳುವಾದ ಡೀಸೆಲ್ ನಾಜಲಿಗೆ ಹೋಗುವ ಬದಲು ಆ ಸಂದಿಯಲ್ಲೇ ಸೋರುತ್ತದೆ. ಎಂಜಿನ್ ನಿಂತಿರುವಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿ, ಬಳಿಕ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆದರೆ ಪಂಪು ಸವೆದಿರುವುದು ಬಹುಮಟ್ಟಿಗೆ ಖಚಿತ. ಓಡುತ್ತಿರುವ ಬಿಸಿ ಪಂಪಿನ ಮೇಲೆ ಮಾತ್ರ ನೀರು ಸುರಿಯಬೇಡಿ, ಅದು ಹಿಡಿದುಕೊಂಡುಬಿಡುತ್ತದೆ.

ಮಿಸ್ಸಿಂಗ್ ಇದ್ದರೆ, ಅಂದರೆ ಒಂದು ಸಿಲಿಂಡರು ಹೊತ್ತದೆ ಎಂಜಿನ್ ತಡವರಿಸುತ್ತಿದ್ದರೆ, ಐಡ್ಲಿಂಗ್‌ನಲ್ಲಿ ಒಂದೊಂದೇ ನಾಜಲ್ ನಟ್ ಸಡಿಲಿಸಿ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರು ಕೆಲಸ ಮಾಡುತ್ತಿಲ್ಲ. ನಾಜಲ್ ತೆಗೆದಾಗ ಅದರ ಕೆಳಗಿನ ಹಳೆಯ ವಾಷರನ್ನು ತೆಗೆಯದೆ ಅದರ ಮೇಲೊಂದು ಹೊಸದನ್ನು ಕೂರಿಸುವ ಕೆಲಸವನ್ನು ನಾನು ತೀರ ಹೆಚ್ಚಾಗಿ ಕಾಣುತ್ತೇನೆ. ಅದರಿಂದ ನಾಜಲಿನ ತುದಿ ಇರಬೇಕಾದ ಆಳದಲ್ಲಿ ಇರುವುದಿಲ್ಲ. ಟ್ಯಾಪೆಟ್ ಅಂತರ, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದಿ, ಎಂಜಿನ್ ತಣ್ಣಗಿದ್ದಾಗ 0.30 ಮಿಲಿಮೀಟರ್ ಇರಬೇಕು.

ಹೊರೆ ಬಿದ್ದಾಗ ಕಪ್ಪು ಹೊಗೆ ಬಂದರೆ ಏರ್ ಕ್ಲೀನರಿನ ಆಯಿಲ್ ಬಟ್ಟಲನ್ನು ಬಿಚ್ಚಿ. ರೋಟವೇಟರ್ ಮತ್ತು ಒಕ್ಕಣೆಯ ಧೂಳಿಗೆ ಅದು ವಾರದೊಳಗೇ ಕೆಸರಾಗಬಹುದು. ಆಯಿಲನ್ನು ಗುರುತಿನವರೆಗೆ ಮಾತ್ರ ತುಂಬಿ, ಏಕೆಂದರೆ ಹೆಚ್ಚಾದರೆ ಎಂಜಿನ್ ಅದನ್ನೇ ಎಳೆದುಕೊಂಡು ಹತೋಟಿ ತಪ್ಪಿ ಓಡಬಹುದು. ಕ್ಲೀನರ್ ಶುದ್ಧವಿದ್ದೂ ಕಪ್ಪು ಹೊಗೆ ನಿಲ್ಲದಿದ್ದರೆ ಪಂಪನ್ನು ಯಾರಾದರೂ ‘ಡೀಸೆಲ್ ಜಾಸ್ತಿ’ ಮಾಡಿಸಿದ್ದಾರೆಯೇ ಎಂದು ವಿಚಾರಿಸಿ. ಪಂಪಿನ ಸೀಲ್ ಒಡೆದು ಪಡೆದ ಆ ಶಕ್ತಿಯ ಬೆಲೆಯನ್ನು ಪಿಸ್ಟನ್ ತೆರುತ್ತದೆ.

ಆಯಿಲ್ ಗೇಜ್ ಕಡ್ಡಿಯಲ್ಲಿ ಮಟ್ಟ ಏರಿ, ಆಯಿಲ್ ತೆಳುವಾಗಿ ಡೀಸೆಲ್ ವಾಸನೆ ಬಂದರೆ ಗಾಡಿಯನ್ನು ಆ ಕ್ಷಣವೇ ನಿಲ್ಲಿಸಬೇಕು. ಲಿಫ್ಟ್ ಪಂಪಿನ ಡಯಾಫ್ರಂ ಹರಿದು ಡೀಸೆಲ್ ಕೆಳಗಿಳಿಯುತ್ತಿರಬಹುದು. ಸಣ್ಣ ಬೆಲೆಯ ಆ ಭಾಗವನ್ನು ಕಡೆಗಣಿಸಿ ಓಡಿಸಿದರೆ ಬೇರಿಂಗ್‌ಗಳು ಉಳಿಯುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಎಂಜಿನ್ ಏಳದಿದ್ದರೆ, ನೀಲಿ ಹೊಗೆಯ ಜೊತೆಗೆ ಎಂಜಿನ್ ಒಳಗಿನ ಗಾಳಿಯನ್ನು ಹೊರಬಿಡುವ ಬ್ರೀದರಿನಿಂದ ಉಗಿಬಂಡಿಯ ಹಾಗೆ ಗಾಳಿ ನುಗ್ಗುತ್ತಿದ್ದರೆ, ಆಗ ಬೋರಿನ ಮಾತಿಗೆ ಬನ್ನಿ. ಆಗಲೂ ಊಹೆ ಬೇಡ. ನಾಜಲ್ ತೂತಿಗೆ ಗೇಜ್ ಹಾಕಿ ಮೂರೂ ಸಿಲಿಂಡರುಗಳ ಕಂಪ್ರೆಷನ್ ಅಳೆಯಿಸಿ, ನಂತರ ಒಂದು ಸಣ್ಣ ಚಮಚದಷ್ಟೇ ಆಯಿಲ್ ಬಿಟ್ಟು ಮತ್ತೆ ಅಳೆಯಿಸಿ. ಆಯಿಲ್ ಬಿಟ್ಟಾಗ ಒತ್ತಡ ಏರಿದರೆ ರಿಂಗು, ಸ್ಲೀವುಗಳು ಸವೆದಿವೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ, ಸಿಲಿಂಡರ್ ಹೆಡ್ ಕೆಲಸವೊಂದರಲ್ಲೇ ಗಾಡಿ ಹೊಲಕ್ಕೆ ಮರಳಬಹುದು. ಆ ಎರಡೂ ಅಳತೆಗಳನ್ನು ಮೆಕ್ಯಾನಿಕ್ ಬಳಿ ಕಾಗದದ ಮೇಲೆ ಬರೆಸಿಕೊಂಡ ನಂತರವೇ ಎಂಜಿನ್ ಬಿಚ್ಚಲು ಒಪ್ಪಿಗೆ ಕೊಡಿ.