ಕೈ ಸೋಲುವ ಮೊದಲೇ ರಕ್ತ ಹೇಳುತ್ತದೆ

ಎಎಲ್‌ಎಸ್ ಎಂಬ ನರದ ಕಾಯಿಲೆ ಬಂದವರಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಕೈ ಸೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಡುವುದೂ ಕಷ್ಟ. ಈ ರೋಗಿಗಳಲ್ಲಿ ನೂರಕ್ಕೆ ಸುಮಾರು 2 ಜನರಿಗೆ ಎಸ್‌ಒಡಿ1 ಎಂಬ ಜೀನಿನ ದೋಷವೇ ಕಾರಣ. ತಂದೆಗೋ ತಾಯಿಗೋ ಈ ದೋಷ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಎಸ್‌ಒಡಿ1 ದೋಷಕ್ಕೂ ಎಎಲ್‌ಎಸ್‌ಗೂ ಇರುವ ನಂಟು 1993ರಲ್ಲೇ ಗೊತ್ತಾಯಿತು. ಆದರೆ ಜೀನ್ ಪರೀಕ್ಷೆ ದೋಷ ಇದೆಯೋ ಇಲ್ಲವೋ ಅಷ್ಟನ್ನೇ ಹೇಳುತ್ತದೆ. ಕಾಯಿಲೆ ಯಾವಾಗ ಶುರುವಾಗುತ್ತದೆ? ಮನೆಯವರನ್ನು ಕಾಡುವುದು ಆ ಪ್ರಶ್ನೆ ಅಲ್ವಾ?

ಅದರ ಸುಳಿವು ಒಂದು ಪ್ರೋಟೀನಿನಲ್ಲಿ ಸಿಕ್ಕಿದೆ. ಹೆಸರು ನ್ಯೂರೋಫಿಲಮೆಂಟ್ ಲೈಟ್, ಚಿಕ್ಕದಾಗಿ ಎನ್‌ಎಫ್‌ಎಲ್. ನರಕೋಶದ ಉದ್ದನೆಯ ಎಳೆಗೆ ಒಳಗಿನಿಂದ ಆಸರೆಯಾಗಿ ನಿಲ್ಲುವುದು ಇದರ ಕೆಲಸ. ಎಳೆ ಹಾಳಾದರೆ ಇದು ಮೆದುಳು-ಬೆನ್ನುಹುರಿಯ ಸುತ್ತಲಿನ ನೀರಿಗೆ ಸೋರುತ್ತದೆ, ಅಲ್ಲಿಂದ ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಮೊದಲೆಲ್ಲ ಬೆನ್ನಿನಿಂದ ನೀರು ತೆಗೆದೇ ಅಳೆಯಬೇಕಿತ್ತು. ಆರೋಗ್ಯವಂತರ ರಕ್ತದಲ್ಲಿ ಇರುವುದು ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ. ಒಂದು ಪಿಕೋಗ್ರಾಂ ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು! ಸಿಮೋವಾ ಎಂಬ ತಂತ್ರ ಬಂದ ಮೇಲೆ ಇದೂ ಸಾಧ್ಯವಾಯಿತು. ಅದರಲ್ಲಿ ಪ್ರೋಟೀನಿನ ಅಣುಗಳನ್ನು ಸೂಕ್ಷ್ಮ ಗುಳಿಗಳಲ್ಲಿ ಬಿಡಿಬಿಡಿಯಾಗಿ ಹಿಡಿದು, ಹೊಳೆಯುವ ಗುಳಿಗಳನ್ನು ಎಣಿಸುತ್ತಾರೆ.

ಇದು ಎಷ್ಟು ದೊಡ್ಡ ವಿಷಯ ಅನ್ನೋದು ಟೋಫರ್ಸೆನ್ ಔಷಧದ ಪರೀಕ್ಷೆಯಲ್ಲಿ ಕಾಣಿಸಿತು. ಎಸ್‌ಒಡಿ1 ಜೀನಿನಿಂದ ಪ್ರೋಟೀನ್ ತಯಾರಾಗುವುದನ್ನೇ ತಗ್ಗಿಸುವ ಔಷಧ ಇದು. ಬೆನ್ನಿನ ಮೂಲಕ ಕೊಡುತ್ತಾರೆ. ಎಸ್‌ಒಡಿ1 ದೋಷದ 108 ರೋಗಿಗಳಿದ್ದ ಪರೀಕ್ಷೆಯಲ್ಲಿ 28 ವಾರ ಕಳೆದರೂ ಕೈಕಾಲಿನ ಶಕ್ತಿ, ಮಾತು, ನುಂಗುವಿಕೆಯ ಅಂಕಗಳಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಹಳೇ ಲೆಕ್ಕದಲ್ಲಿ ಔಷಧ ಸೋತಿತ್ತು. ಆದರೆ ಔಷಧ ಪಡೆದವರ ರಕ್ತದಲ್ಲಿ ಎನ್‌ಎಫ್‌ಎಲ್ ಅರ್ಧಕ್ಕಿಂತ ಕೆಳಗಿಳಿದಿತ್ತು. ಇದನ್ನೇ ಆಧಾರವಾಗಿಟ್ಟು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಏಪ್ರಿಲ್‌ನಲ್ಲಿ ಷರತ್ತಿನ ಮೇಲೆ ಅನುಮತಿ ಕೊಟ್ಟಿತು. ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ. ನರದ ಸವೆತ ನಿಂತರೂ ಸೋತ ಕೈಗೆ ಬಲ ಬರಲು ಕಾಲ ಬೇಕು. ಈ ರೋಗಿಗಳಿಗೆ ಕಾಯುವಷ್ಟು ಕಾಲ ಇರುವುದಿಲ್ಲ.

ಒಂದು ಎಚ್ಚರಿಕೆ. ಎನ್‌ಎಫ್‌ಎಲ್ ಯಾವ ಕಾಯಿಲೆಯ ಹೆಸರನ್ನೂ ಹೇಳುವುದಿಲ್ಲ. ಪಾರ್ಶ್ವವಾಯು ಹೊಡೆದರೂ, ತಲೆಗೆ ಪೆಟ್ಟಾದರೂ ಏರುತ್ತದೆ. ವಯಸ್ಸಾದಂತೆ ಸುಮ್ನೆ ಏರುತ್ತದೆ, ಕಿಡ್ನಿ ಸೋತವರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಇದು ಲ್ಯಾಬುಗಳ ಹೆಲ್ತ್ ಚೆಕಪ್ ಪ್ಯಾಕೇಜಿಗೆ ಸೇರಬೇಕಾದ ಪರೀಕ್ಷೆ ಅಲ್ಲವೇ ಅಲ್ಲ. ಜೀನ್ ದೋಷ ಮೊದಲೇ ಗೊತ್ತಿರುವವರಲ್ಲಿ ಈ ಏರಿಕೆಗೆ ಹೆಚ್ಚು ಸ್ಪಷ್ಟ ಅರ್ಥ ಸಿಗುತ್ತದೆ.

ಅಂಥವರಿಗಾಗಿಯೇ ಅಟ್ಲಾಸ್ ಎಂಬ ಅಧ್ಯಯನ ಶುರುವಾಯಿತು. ಕಾಯಿಲೆ ವೇಗವಾಗಿ ಹೆಚ್ಚುವ ಬಗೆಯ ಎಸ್‌ಒಡಿ1 ದೋಷ ಇರುವವರಲ್ಲಿ ಲಕ್ಷಣ ಕಾಣುವ 6ರಿಂದ 12 ತಿಂಗಳ ಮೊದಲೇ ಎನ್‌ಎಫ್‌ಎಲ್ ಏರತೊಡಗುತ್ತದೆ ಎಂದು ಹಿಂದಿನ ಸಂಶೋಧನೆ ತೋರಿಸಿತ್ತು. ಅಟ್ಲಾಸ್‌ಗೆ ಸೇರಿದವರಿಗೆ ದೋಷ ಇದೆ, ಕಾಯಿಲೆ ಇಲ್ಲ. ಅವರ ರಕ್ತವನ್ನು ಆಗಾಗ ನೋಡುತ್ತಾರೆ. ಎನ್‌ಎಫ್‌ಎಲ್ ಮಿತಿ ದಾಟಿದರೆ ಕೆಲವರಿಗೆ ಟೋಫರ್ಸೆನ್, ಉಳಿದವರಿಗೆ ಹೋಲಿಕೆಗಾಗಿ ಔಷಧವಿಲ್ಲದ ಚುಚ್ಚುಮದ್ದು. ಯಾರಿಗೆ ಯಾವುದು ಅನ್ನೋದು ಅವರಿಗೆ ತಿಳಿಯದು. ಆದರೆ ಯಾರಲ್ಲಿ ಲಕ್ಷಣ ಕಾಣಿಸಿಕೊಂಡರೂ ಅವರಿಗೆ ನಿಜವಾದ ಔಷಧವನ್ನೇ ಕೊಡಬೇಕೆಂದು ಮೊದಲೇ ಗೊತ್ತುಮಾಡಿದ್ದಾರೆ.