ಕಾರ್ ಶೆಡ್ಡಿನಲ್ಲಿ ಹಾಯಿದೋಣಿ: ಮೊದಲು ತಿಂಗಳು ನೋಡಿ

ಸಾಗರ, ಹೊಸನಗರದ ಕಡೆಯವರು ಆಗಾಗ ಬಂದು ಕೇಳುತ್ತಾರೆ: "ಮನೆ ಕಾರ್ ಶೆಡ್ಡಿನಲ್ಲೇ ಮರದ ಹಾಯಿದೋಣಿ ಕಟ್ಟಬಹುದಾ?" ಧಾರಾಳವಾಗಿ ಕಟ್ಟಬಹುದು. 11 ಅಡಿ ದೋಣಿಗೆ 18 ಅಡಿ ಶೆಡ್ ಸಾಕು. ಬಾಗಿಲಿನ ಅಗಲ ಮೊದಲೇ ಅಳೆದುಕೊಳ್ಳಿ, ನಗಬೇಡಿ. ಆಮೇಲೆ ಮಾತು ನಕ್ಷೆಗೆ, ಗರಗಸಕ್ಕೆ, ಖರ್ಚಿಗೆ ಹೋಗುತ್ತದೆ. ಯಾವ ತಿಂಗಳಲ್ಲಿ ಶುರು ಮಾಡಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮಲೆನಾಡಿನಲ್ಲಿ ನಾನು ಮೊದಲು ಹೇಳುವುದೇ ಅದು.

ಮೊದಲ ದೋಣಿಗೆ ಹಲಗೆ ಕೂರಿಸುವ ಹಳೇ ಪದ್ಧತಿ ಬೇಡ. ಪ್ಲೈವುಡ್ ಕತ್ತರಿಸಿ, ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಎಪಾಕ್ಸಿ ಅಂಟು (ರಾಳಕ್ಕೆ ಗಟ್ಟಿಕಾರಕ ಬೆರೆಸಿ ಬಳಸುವಂಥದ್ದು), ಗಾಜಿನ ನಾರಿನ ಟೇಪ್ ಹಾಕುವ ಕ್ರಮ ಸುಲಭ. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ರೂಪಿಸಿದ 3.3 ಮೀಟರಿನ ಮಿರರ್ ದೋಣಿಯಿಂದ ಈ ಕ್ರಮ ಜನಪ್ರಿಯವಾಯಿತು. ಸಾವಿರಾರು ಜನ ಅದನ್ನು ಮನೆಯಲ್ಲೇ ಕಟ್ಟಿದ್ದಾರೆ.

ಪ್ಲೈ ಕೊಳ್ಳುವಾಗ ಹಾಳೆಯ ಮೇಲೆ ಐಎಸ್ 710 ಮುದ್ರೆ ನೋಡಿ, ಅದು ಮರೀನ್ ಪ್ಲೈಗೆ ಇರುವ ಭಾರತೀಯ ಮಾನಕ. ಐಎಸ್ 303 ಕಪಾಟಿಗೆ ಸಾಕು, ದೋಣಿಗೆ ಸಾಲದು. 710ರ ಪರೀಕ್ಷೆಯಲ್ಲಿ ತುಂಡನ್ನು 72 ಗಂಟೆ ಕುದಿಸುತ್ತಾರೆ. ನಮ್ಮ ಮನೆಗಳಲ್ಲಿ ಬಚ್ಚಲೊಲೆ ಹೇಗೂ ಉರಿಯುತ್ತಿರುತ್ತದೆ ಅಲ್ವಾ? ಹಳೇ ಪಾತ್ರೆಯಲ್ಲಿ ಅಂಗೈ ಅಗಲದ ತುಂಡು ಹಾಕಿ ದಿನವಿಡೀ ಕುದಿಸಿ. ಪದರ ಬಿಟ್ಟರೆ ಆ ಅಂಗಡಿಗೆ ಮತ್ತೆ ಹೋಗಬೇಡಿ. ಇನ್ನೊಂದು ಮಾತು. ಹೊರದೇಶದ ನಕ್ಷೆಗಳು ಹೆಚ್ಚಾಗಿ ಒಕುಮೆ ಎಂಬ ಹಗುರ ಮರದ ಪ್ಲೈ ಲೆಕ್ಕ ಹಿಡಿದಿರುತ್ತವೆ. ನಮ್ಮಲ್ಲಿ ಸಿಗುವ ಗರ್ಜನ್ ಪ್ಲೈ ಭಾರ ಜಾಸ್ತಿ. 6 ಎಂಎಂ ದಪ್ಪದ 8x4 ಹಾಳೆ ಒಂದೊಂದೂ 12-13 ಕೆಜಿ ತೂಗುತ್ತದೆ. ನಕ್ಷೆಯಲ್ಲಿ ಬರೆದ ತೂಕಕ್ಕೆ ನಿಮ್ಮ ದೋಣಿ ಬರುವುದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಎತ್ತಲು ಒಬ್ಬರನ್ನು ಹೆಚ್ಚಿಗೆ ಕರೆಯಿರಿ.

ಅಂಚುಪಟ್ಟಿ, ಅಡಿಪಟ್ಟಿಗೆ ತೇಗ ಅಥವಾ ಹೆಬ್ಬಲಸು. ತೇಗದ ಬಾಳಿಕೆಗೆ ಸಾಕ್ಷಿ ಬೇಕಾದರೆ, 1817ರಲ್ಲಿ ಬೊಂಬಾಯಿಯಲ್ಲಿ ಮಲಬಾರ್ ತೇಗದಿಂದ ಕಟ್ಟಿದ ಟ್ರಿಂಕೊಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಆದರೆ ತೇಗದಲ್ಲಿ ಎಣ್ಣೆ ಇದೆ. ಅಂಟು ಹಚ್ಚುವ ಮುಂಚೆ ಅಸಿಟೋನ್ ಬಟ್ಟೆಯಲ್ಲಿ ಒರೆಸದಿದ್ದರೆ ಹಿಡಿಯುವುದಿಲ್ಲ. ಹಾಯಿಕಟ್ಟಿನ ಗಳಕ್ಕೆ ಬಿದಿರು ಆಗುತ್ತದೆ, ಬೇಸಿಗೆಯಲ್ಲಿ ಕಡಿದು ನೀರಲ್ಲಿ ನೆನೆಹಾಕಿದ್ದಾದರೆ. ಅಡಿಕೆ ಮರ ಬೇಡ. ಹೊರಗೆ ಗಟ್ಟಿ, ಒಳಗೆ ಬರೀ ನಾರು.

ಈಗ ತೇವದ ವಿಷಯ. ಕಡಲ ತೀರದವರ ಅನುಭವ ನಮಗೆ ಪೂರ್ತಿ ಹೊಂದುವುದಿಲ್ಲ. ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗುವುದಿಲ್ಲ. ನಮ್ಮದು ಸಿಹಿನೀರು, ಅದರ ಮೇಲೆ ಮಳೆ. ಮರದ ತೇವ ಶೇ. 20 ದಾಟಿದರೆ ಕೊಳೆಯಲು ದಾರಿಯಾಯಿತು. ಆಷಾಢದಲ್ಲಿ ಶೆಡ್ಡಿನ ಗಾಳಿಯ ತೇವಾಂಶ ಶೇ. 90 ಇದ್ದರೆ, ಒಂದು ಹನಿ ಮಳೆ ತಾಗದಿದ್ದರೂ ಒಳಗಿಟ್ಟ ಮರ ತಾನಾಗಿ ಶೇ. 20ರ ಹತ್ತಿರ ಹೋಗುತ್ತದೆ. ಆ ಹೊತ್ತಿನಲ್ಲಿ ಮೂರು ಪದರ ಎಪಾಕ್ಸಿ ಬಳಿದರೆ ತೇವ ಒಳಗೇ ಕೂತಂತೆ. ಹೊರಗೆ ಹೊಳೆಯುತ್ತದೆ, ಒಳಗೆ ಕಪ್ಪಾಗುತ್ತದೆ.

ನನಗೆ ಶೇ. 12 ಅಥವಾ ಅದಕ್ಕಿಂತ ಕಡಿಮೆ ಬೇಕು. ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಅಡುಗೆಮನೆ ತಕ್ಕಡಿಯೇ ಸಾಕು. ಹಲಗೆಯ ತುದಿ ಬಿಟ್ಟು ನಡುವಿನಿಂದ ಒಂದು ಚೂರು ಕೊಯ್ಯಿರಿ. 112 ಗ್ರಾಂ ಬಂತು ಅನ್ನಿ. ಓವನ್ನಿನಲ್ಲಿ 103 ಡಿಗ್ರಿಯ ಹತ್ತಿರ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. 97 ಬಂದರೆ ಹೋದದ್ದು 15 ಗ್ರಾಂ. 15ನ್ನು 97ರಿಂದ ಭಾಗಿಸಿದರೆ ಶೇ. 15 ದಾಟುತ್ತದೆ. ಇನ್ನೂ ಕಾಯಬೇಕು. ಅಡುಗೆ ಒಲೆಯ ಮೇಲಿನ ಅಟ್ಟ ಇರುವ ಮನೆಯವರು ಪುಣ್ಯವಂತರು, ಪಟ್ಟಿಗಳನ್ನು ಅಲ್ಲಿಗೆ ಏರಿಸಿಬಿಡಿ.

ಎಪಾಕ್ಸಿಗೂ ಗಾಳಿಯ ತೇವ ಆಗದು. ರಾತ್ರಿ ಬಳಿದು ಬೆಳಿಗ್ಗೆ ಬೆರಳಾಡಿಸಿದರೆ ಕೆಲವೊಮ್ಮೆ ಮೇಣದ ಹಾಗೆ ಜಾರುತ್ತದೆ. ಗಟ್ಟಿಕಾರಕ ತೇವದ ಗಾಳಿಯೊಂದಿಗೆ ಸೇರಿ ಮೇಲೆ ತಂದ ಪೊರೆ ಅದು. ಮರಳು ಕಾಗದ ಹಾಕಿದರೆ ಕಾಗದ ಕಟ್ಟಿಕೊಳ್ಳುತ್ತದೆ, ಪೊರೆ ಇನ್ನಷ್ಟು ಒಳಗೆ ಉಜ್ಜಿಹೋಗುತ್ತದೆ. ಥಿನ್ನರೂ ಬೇಡ. ಬರೀ ನೀರು ಮತ್ತು ಪಾತ್ರೆ ತಿಕ್ಕುವ ಹಸಿರು ಪ್ಯಾಡ್ ಸಾಕು. ತೊಳೆದು, ಒಣಗಿಸಿ, ಆಮೇಲೆ ಉಜ್ಜಿ.

ಬಳಿಯುವ ಹೊತ್ತೂ ಮುಖ್ಯ. ಬೆಳಿಗ್ಗೆ ಬಿಸಿಲೇರುವಾಗ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳಿಸುತ್ತದೆ. ಆದ್ದರಿಂದ ತಾಪ ಇಳಿಯುವ ಹೊತ್ತಿಗೆ ಬಳಿಯಿರಿ ಅಂತ ಎಲ್ಲ ಕಡೆ ಹೇಳುತ್ತಾರೆ. ನಮ್ಮಲ್ಲಿ ಚಳಿಗಾಲದ ಸಂಜೆ ಅಂದರೆ ಇಬ್ಬನಿ. ಹಾಗಾಗಿ ಮಧ್ಯಾಹ್ನ ಎರಡೂವರೆ, ಮೂರಕ್ಕೆ ಹಚ್ಚಿ, ಶೆಡ್ ಮುಚ್ಚಿ, ಒಳಗೊಂದು ಬಲ್ಬ್ ಉರಿಸುವುದು ನನ್ನ ರೂಢಿ. ಕೈಗವಸು ಮರೆಯಬೇಡಿ. ಎಪಾಕ್ಸಿಯ ಅಲರ್ಜಿ ಒಮ್ಮೆ ಬಂದರೆ ಹೋಗುವುದಿಲ್ಲ.

ಒಟ್ಟಿನಲ್ಲಿ ಅಂಟಿನ ಕೆಲಸ ಡಿಸೆಂಬರಿನಿಂದ ಏಪ್ರಿಲ್. ಮೇ ತಿಂಗಳಲ್ಲಿ ಬಣ್ಣ, ಏಕೆಂದರೆ ಬಿಸಿಲಿಗೆ ಬರೀ ಎಪಾಕ್ಸಿ ತಡೆಯುವುದಿಲ್ಲ. ಮಳೆಗಾಲದಲ್ಲಿ ಹಾಯಿ ಹೊಲಿಯಿರಿ, ಹಗ್ಗ ಹೆಣೆಯಿರಿ.

ದೋಣಿ ಮೇ ತಿಂಗಳಲ್ಲೇ ತಯಾರಾಯಿತು ಅಂತ ಶರಾವತಿ ಹಿನ್ನೀರಿಗೆ ಓಡಬೇಡಿ. ಆಗ ನೀರು ತಳಕ್ಕೆ ಇಳಿದಿರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಮುಳುಗಿದ ಕಾಡಿನ ಬೊಡ್ಡೆಗಳು ಅಲ್ಲಲ್ಲಿ ತಲೆ ಎತ್ತಿರುತ್ತವೆ. ಕಾಣುವ ಬೊಡ್ಡೆಯಿಂದ ತೊಂದರೆಯಿಲ್ಲ, ನೀರಿನ ಕೆಳಗೆ ಅರ್ಧ ಅಡಿಯಲ್ಲಿ ನಿಂತದ್ದೇ ಅಪಾಯ. ದೋಣಿ ಪಕ್ಕಕ್ಕೆ ಜಾರದಂತೆ ತಳದ ನಡುವಿನಿಂದ ನೀರಿಗೆ ಇಳಿಸುವ ಹಲಗೆಯೇ ನಡುಹಲಗೆ. ನೇರ ಇಳಿಬಿಡುವ ನಡುಹಲಗೆಗೆ ಬೊಡ್ಡೆ ಬಡಿದರೆ ದೋಣಿಯ ತಳವೇ ಸೀಳಬಹುದು. ನಕ್ಷೆ ಆರಿಸುವಾಗಲೇ ಕೀಲಿನ ಮೇಲೆ ತಿರುಗಿ ಮೇಲೇಳುವ ನಡುಹಲಗೆ ಇರುವುದನ್ನು ಆರಿಸಿ, ಚುಕ್ಕಾಣಿಯೂ ಹಾಗೇ ಇರಲಿ. ಹಿನ್ನೀರಿನ ಒಂದು ಭಾಗ ಅಭಯಾರಣ್ಯಕ್ಕೆ ಸೇರಿದೆ, ಎಲ್ಲಿ ಇಳಿಸಬಹುದು ಎಂದು ಮೊದಲೇ ವಿಚಾರಿಸಿ ಅನುಮತಿ ಪಡೆಯಿರಿ. ಅಕ್ಟೋಬರ್, ನವೆಂಬರಿನಲ್ಲಿ ಹೊರಡಿ, ಲೈಫ್ ಜಾಕೆಟ್ ಹಾಕಿಕೊಂಡೇ.